ಗಾಯದ ಬೋರ್ಡಿಗೆ ಪದ: ‘ಹೆಪ್ಪು’ ಬೇಡ, ‘ಗರಣೆ’ ಬರೆಸಿ

ಮೇಡಂ, ನಮಸ್ಕಾರ.

ಗಾಯದಲ್ಲಿ ಗಟ್ಟಿಯಾದ ರಕ್ತವನ್ನು ಕರಗಿಸುವ ಎನ್‌ಜೈಮ್‌ಗೆ (ಮೈಯೊಳಗಿನ ರಾಸಾಯನಿಕ ಕೆಲಸ ಬೇಗ ಮಾಡಿಸುವ ಪ್ರೋಟೀನಿಗೆ) ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದ್ದೀರಿ. ಬಾಗಲಕೋಟೆ ದವಾಖಾನೆಯ ಗೋಡೆಗೆ ನಾಳೆಯೇ ಬರೆಸಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: ‘ಗರಣೆ ಕರಗಿಸುವ ಕಿಣ್ವ’. ನಿಮ್ಮ ‘ರಕ್ತಸ್ಕಂದ ವಿಲಯನಕಾರಿ’ಯನ್ನು ಡ್ರೆಸಿಂಗಿಗೆ ಬಂದವರು ಯಾರೂ ಓದುವುದಿಲ್ಲ. ಬಿಟ್ಟುಬಿಡಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ‘ಹೆಪ್ಪು ಕರಗಿಸುವ’ ಅಂದರು. ತಪ್ಪು. ಹೆಪ್ಪು ಅಂದರೆ ಹಾಲಿಗೆ ಹಾಕುವ ಚಮಚೆ ಮಜ್ಜಿಗೆ. ಹಾಲು ಗಟ್ಟಿಯಾಗಿ ನಿಂತದ್ದು ಗರಣೆ. ರಕ್ತದಲ್ಲಿ ಹೆಪ್ಪಿನ ಕೆಲಸ ಇನ್ನೊಂದು ಕಿಣ್ವವಾದ ಥ್ರಾಂಬಿನ್‌ನದು. ಅದು ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿ ಮಾಡುತ್ತದೆ. ಆ ಎಳೆಗಳ ಬಲೆಯಲ್ಲಿ ರಕ್ತಕಣ ಸಿಕ್ಕಿಕೊಂಡದ್ದೇ ಗರಣೆ. ಕರಗಬೇಕಾದದ್ದು ಈ ಬಲೆ, ಹೆಪ್ಪಲ್ಲ.

ಆ ಬಲೆಯನ್ನು ಕರಗಿಸುವ ಕಿಣ್ವ ಪ್ಲಾಸ್ಮಿನ್. ಲಿವರಿನಲ್ಲಿ ತಯಾರಾಗುವ ಪ್ಲಾಸ್ಮಿನೋಜೆನ್ ರಕ್ತದಲ್ಲಿ ಸುಮ್ನೆ ಓಡಾಡಿಕೊಂಡಿರುತ್ತದೆ. ಗಾಯದ ಹತ್ತಿರ ಬೇರೆ ಕಿಣ್ವಗಳು ಅದನ್ನು ತುಂಡರಿಸಿದಾಗ ಪ್ಲಾಸ್ಮಿನ್ ಆಗುತ್ತದೆ. ಹಕ್ಕಳೆಯ ಕೆಳಗೆ ಹೊಸ ಚರ್ಮ ಮುಂದೆ ಸರಿಯಲು ದಾರಿ ಬೇಕಲ್ವಾ? ಆ ದಾರಿ ಮಾಡಿಕೊಡುವುದು ಇದೇ. ಪ್ಲಾಸ್ಮಿನೋಜೆನ್ ಇಲ್ಲದ ಇಲಿಗಳಲ್ಲಿ ಗಾಯ ಮಾಯಲು ತುಂಬಾ ತಡವಾಗುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಅಂಥ ಇಲಿಗಳಲ್ಲಿ ಫೈಬ್ರಿನೋಜೆನ್ ಕೂಡ ಇಲ್ಲದಂತೆ ಮಾಡಿ ನೋಡಿದರು. ಗಾಯ ಹೆಚ್ಚುಕಡಿಮೆ ಸರಿಯಾದ ಹೊತ್ತಿಗೇ ಮಾಯಿತು! ಅಂದರೆ ಅಡ್ಡಿಯಾಗಿದ್ದು ಕರಗದೆ ಉಳಿದ ಫೈಬ್ರಿನ್.

‘ರಕ್ತ ತೆಳ್ಳಗೆ ಮಾಡುವ’ ಅಂತ ಬರೆಸಲೇಬೇಡಿ. ಹೆಪಾರಿನ್‌ನಂಥ ಮದ್ದಿಗೆ ಹಾಗನ್ನುತ್ತಾರೆ, ಅದು ಹೊಸ ಗರಣೆ ಆಗದಂತೆ ತಡೆಯುತ್ತದೆ. ಇರುವುದನ್ನು ಅದು ಕರಗಿಸುವುದಿಲ್ಲ. ಕರಗಿಸುವ ಸ್ಟ್ರೆಪ್ಟೊಕೈನೇಸ್ ಬೇರೆಯೇ, ಅದನ್ನು ಹೃದಯಾಘಾತಕ್ಕೆ ಕೊಡುತ್ತಾರೆ. ಎರಡನ್ನೂ ಒಂದೇ ಅಂದುಕೊಂಡರೆ ಅಪಾಯ.

ಇನ್ನು ‘ಕಿಣ್ವ ಸಂಸ್ಕೃತ, ಬೇಡ’ ಅಂದವರಿಗೆ. ಕಿಣ್ವ ಅಂದರೆ ಮೂಲದಲ್ಲಿ ಹೆಂಡ ಹುಳಿಸಲು ಹಾಕುವ ಪದಾರ್ಥ. ಜರ್ಮನಿಯ ವಿಜ್ಞಾನಿ ಕ್ಯೂನೆ 1877ರ ಸುಮಾರಿಗೆ ಎನ್‌ಜೈಮ್ ಪದ ಕಟ್ಟಿದ್ದೂ ‘ಹುಳಿಯೊಳಗಿನದು’ ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ. ಇಷ್ಟು ಚೆನ್ನಾಗಿ ಕೂಡಿಬಂದ ಪದವನ್ನು ಯಾಕೆ ಕೈಬಿಡಬೇಕು? ‘ಗಾಯ’ ಪ್ರಾಕೃತದಿಂದ ಬಂತು, ‘ದವಾಖಾನೆ’ ಪಾರ್ಸಿಯಿಂದ. ಬೆಳಗಾವಿಯಿಂದ ವಿಜಯಪುರದವರೆಗೆ ಅವು ನಮ್ಮವೇ. ಅವನ್ನು ಒಪ್ಪಿ ಕಿಣ್ವವನ್ನು ಮಾತ್ರ ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಪ್ಲಾಸ್ಮಿನ್, ಫೈಬ್ರಿನ್ ಹೆಸರುಗಳು, ಹಾಗೇ ಇರಲಿ.

ಬೋರ್ಡಿಗೆ ಈ ಸಾಲು ಕೊಡಿ: ‘ರಕ್ತದ ಗರಣೆ ಗಾಯವನ್ನು ಮುಚ್ಚುತ್ತದೆ. ಗರಣೆ ಕರಗಿಸುವ ಕಿಣ್ವ ಹೊಸ ಚರ್ಮಕ್ಕೆ ದಾರಿ ಬಿಡಿಸುತ್ತದೆ. ಹಕ್ಕಳೆ ಕೀಳಬೇಡಿ.’