ಅಪಘಾತವಾದಾಗ ವಾಹನ ತಡೆಯುವುದೋ, ಬೇರೆ ದಾರಿಗೆ ತಿರುಗಿಸುವುದೋ? ಹೊಗೆ ಯಾವುದರಲ್ಲಿ ಕಡಿಮೆ?

ಹಸಿರುದೀಪ:
ಸಿಗ್ನಲ್ ಇಲ್ಲದ ವರ್ತುಲ ರಸ್ತೆ, ಒಂದು ದಿಕ್ಕಿಗೆ ಮೂರು ಲೇನ್. ಒಂದು ಲೇನ್‌ನಲ್ಲಿ ಲಾರಿ ಡಿಕ್ಕಿಯಾಗಿ ನಿಂತು ಡೀಸೆಲ್ ಸೋರುತ್ತಿದೆ ಎಂದುಕೊಳ್ಳಿ. ವಾಹನಗಳು ಸಾಲುಗಟ್ಟಿದರೆ ಅಲ್ಲಿ ಹೊಗೆ, ಒಳರಸ್ತೆಗೆ ಬಿಟ್ಟರೆ ಮನೆಗಳ ಮುಂದೆ ಹೊಗೆ. ತುರ್ತು ಸಂಚಾರ ಯೋಜನೆ ಬರೆಯುವಾಗ ಯಾವ ಲೆಕ್ಕ ಹಿಡಿಯಬೇಕು? ಡೀಸೆಲನ್ನು ನೀರು ಹಾಯಿಸಿ ತೊಳೆದರೆ ರಸ್ತೆ ಬೇಗ ತೆರೆಯಬಹುದಲ್ಲ, ಅದು ಸರಿಯೇ?

ಸಾಲುಲೆಕ್ಕ:
ಮೂರರಲ್ಲಿ ಒಂದು ಲೇನ್ ಮುಚ್ಚಿದರೆ ಮೂರನೇ ಎರಡು ಪಾಲು ಸಾಮರ್ಥ್ಯ ಉಳಿಯುವುದಿಲ್ಲ, ಸುಮಾರು ಅರ್ಧ ಮಾತ್ರ. ಲೇನ್ ಬದಲಿಸುವವರು ಅಡ್ಡ ಬರುತ್ತಾರೆ, ಪಕ್ಕದವರು ನಿಧಾನಿಸಿ ನೋಡುತ್ತ ಹೋಗುತ್ತಾರೆ.

ಗಂಟೆಗೆ 6,000 ವಾಹನ ಸಾಗಿಸುವ ರಸ್ತೆ 3,000ಕ್ಕೆ ಇಳಿಯಿತು, ಬರುತ್ತಿರುವುದು 4,000 ಎನ್ನಿ. ಅರ್ಧ ಗಂಟೆಯಲ್ಲಿ 500 ವಾಹನಗಳ ಸಾಲು. ರಸ್ತೆ ತೆರೆದ ಮೇಲೂ ಅದು ಕರಗಲು 15 ನಿಮಿಷ ಬೇಕು. ಒಟ್ಟು ಕಾಯುವಿಕೆ ಸುಮಾರು 187 ವಾಹನ-ಗಂಟೆ (ಒಂದು ವಾಹನ ಒಂದು ಗಂಟೆ ನಿಂತರೆ ಒಂದು ವಾಹನ-ಗಂಟೆ). ನಿಂತ ಎಂಜಿನ್ ಗಂಟೆಗೆ 0.8 ಲೀಟರ್ ಕುಡಿದರೆ 150 ಲೀಟರ್ ಪೆಟ್ರೋಲ್, ಲೀಟರಿಗೆ 2.3 ಕೆ.ಜಿ.ಯಂತೆ 345 ಕೆ.ಜಿ. ಇಂಗಾಲದ ಡೈಆಕ್ಸೈಡ್.

ಅದೇ ಲಾರಿಯನ್ನು 15 ನಿಮಿಷದಲ್ಲಿ ಎತ್ತಿದರೆ ಬರೀ 37 ಲೀಟರ್. ಸಮಯ ಅರ್ಧವಾದರೆ ಸಾಲೂ ಅರ್ಧ, ಕಾಯುವ ಹೊತ್ತೂ ಅರ್ಧ, ಹಾಗಾಗಿ ಹೊಗೆ ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಯೋಜನೆಯ ಮೊದಲ ಸಾಲಿನಲ್ಲೇ ಕ್ರೇನ್ ಎಲ್ಲಿ ನಿಂತಿರಬೇಕು ಎಂಬುದನ್ನು ಬರೆಯಿರಿ.

ಒಳದಾರಿ:
ಮೇಲಿನ ಲೆಕ್ಕ ಸರಿ, ಅದಕ್ಕೆ ಸುತ್ತುದಾರಿಯನ್ನೂ ಸೇರಿಸೋಣ. ದಾರಿ 3 ಕಿ.ಮೀ. ಉದ್ದವಾದರೆ, 100 ಕಿ.ಮೀ.ಗೆ 7 ಲೀಟರ್ ಬೇಕಾಗುವ ಕಾರಿಗೆ 0.21 ಲೀಟರ್ ಹೆಚ್ಚು ಖರ್ಚು. ಎಲ್ಲರನ್ನೂ ತಿರುಗಿಸಬೇಡಿ. ಹೆಚ್ಚುವರಿ ಇರುವುದು ಗಂಟೆಗೆ 1,000, ಅಂದರೆ ನಾಲ್ಕಕ್ಕೆ ಒಂದು. ಅಷ್ಟನ್ನು ಮೊದಲ ನಿಮಿಷದಿಂದಲೇ ತಿರುಗಿಸಿದರೆ ಸಾಲೇ ಬೆಳೆಯದು. ಅರ್ಧ ಗಂಟೆಗೆ 105 ಲೀಟರ್, ನಿಲ್ಲಿಸಿದರೆ 150. ಕೆಲಸ 15 ನಿಮಿಷದ್ದಾದರೆ ಲೆಕ್ಕ ತಿರುಗುಮುರುಗು: 52ಕ್ಕೆ ಎದುರು 37. ಈ ಅಂಕಿಗಳಲ್ಲಿ ಗಡಿ ಸುಮಾರು 21 ನಿಮಿಷ. ನಿಮ್ಮ ರಸ್ತೆಯ ಅಂಕಿ ಹಾಕಿ ನೋಡಿ. ಒಳರಸ್ತೆಯೂ ಕಟ್ಟಿಕೊಂಡರೆ ಈ ಲಾಭ ಪೂರ್ತಿ ಹೋಗುತ್ತದೆ.

ಲಾರಿಗಳನ್ನು ಮಾತ್ರ ಒಳಗೆ ಬಿಡಲೇಬೇಡಿ. ಲಾರಿಯ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್ ಎಂಬ ಹಾನಿಕರ ಅನಿಲ ತಗ್ಗಿಸುವ ವ್ಯವಸ್ಥೆ ಕೆಲಸ ಮಾಡಬೇಕಾದರೆ ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ತೆವಳುವ ಲಾರಿಯಲ್ಲಿ ಆ ಬಿಸಿ ಇಳಿದುಹೋಗುತ್ತದೆ. ಶಾಲೆ, ಆಸ್ಪತ್ರೆಯ ಪಕ್ಕದಲ್ಲಿ ಶುದ್ಧವಾಗದ ಹೊಗೆಯೇ ಬರುತ್ತದೆ.

ಚರಂಡಿಕಾವಲು:
ತೊಳೆಯುವುದು ಖಂಡಿತ ಬೇಡ. ಡೀಸೆಲ್ ನೀರಿಗಿಂತ ಹಗುರ, ತೇಲುತ್ತಲೇ ಮಳೆನೀರಿನ ಚರಂಡಿಯಿಂದ ಕೆರೆ ಸೇರುತ್ತದೆ. ಸೋಪು ಹಾಕಿದರೆ ಇನ್ನೂ ಕೆಟ್ಟದ್ದು: ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತು, ತೇಲುವ ಎಣ್ಣೆ ಹಿಡಿಯಲೆಂದೇ ಕಟ್ಟಿದ ತೊಟ್ಟಿಯನ್ನೂ ದಾಟಿಬಿಡುತ್ತದೆ.

ಮೊದಲು ಚರಂಡಿಯ ಬಾಯಿಗೆ ರಬ್ಬರ್ ಹಾಸು ಹಾಕಿ, ಅಂಚಿಗೆ ಮರಳಿನ ಚೀಲ ಒತ್ತಿ. ಆಮೇಲೆ ಟ್ಯಾಂಕಿನ ತೂತಿಗೆ ಮರದ ಬೆಣೆ ಅಥವಾ ಪುಟ್ಟಿ, ಕೆಳಗೆ ಬಕೆಟ್. ಹೀರುವ ಜೇಡಿಮಣ್ಣಿನ ಹರಳುಗಳನ್ನು ಹೊರಗಿನಿಂದ ಒಳಕ್ಕೆ ಸುರಿಯಿರಿ. ನಡುವಿನಿಂದ ಶುರು ಮಾಡಿದರೆ ಎಣ್ಣೆ ಅಂಚಿಗೆ ಹರಡುತ್ತದೆ. ಬಿರುಸು ಪೊರಕೆಯಿಂದ ತಿಕ್ಕಿ, ಗುಡಿಸಿ, ತೆಳ್ಳಗೆ ಎರಡನೇ ಸಲ ಹಾಕಿ. ಡೀಸೆಲ್ ಉಳಿದರೆ ಡಾಂಬರು ಮೆತ್ತಗಾಗಿ ಜಲ್ಲಿ ಬಿಡುತ್ತದೆ, ಬೈಕ್‌ಗಳೂ ಜಾರುತ್ತವೆ. ಗುಡಿಸಿದ್ದು ಮುಚ್ಚಳವಿರುವ ಡ್ರಮ್ಮಿಗೆ, ಅಪಾಯಕಾರಿ ತ್ಯಾಜ್ಯದ ಚೀಟಿಯೊಂದಿಗೆ.

ಹಸಿರುದೀಪ:
ಧನ್ಯವಾದ. ಮರದ ಹೊಟ್ಟು ನಡೆಯುತ್ತದೆಯೇ? ಮಳೆ ಬರುತ್ತಿದ್ದರೆ?

ಚರಂಡಿಕಾವಲು:
ಪೆಟ್ರೋಲಿಗೆ ಹೊಟ್ಟು ಬೇಡ, ನೆನೆದ ಹೊಟ್ಟಿಗೆ ಕಿಡಿ ತಾಗಿದರೆ ಸಾಕು. ಮಳೆಯಲ್ಲಿ ಹರಳು ನೀರನ್ನೇ ಹೀರಿಬಿಡುತ್ತದೆ. ಎಣ್ಣೆಯನ್ನಷ್ಟೇ ಹಿಡಿಯುವ ಪಾಲಿಪ್ರೊಪಿಲೀನ್ ಹಾಸು ಬಳಸಿ. ಬೆಂಕಿಯ ಭಯವಿದ್ದರೆ ನೊರೆ ಬೇಕೇ ಬೇಕು, ಆದರೆ ಹಳೆಯ ಫ್ಲೋರಿನ್ ನೊರೆಯ ದಾಸ್ತಾನು ಇದೆಯೇ ಎಂದು ಅಗ್ನಿಶಾಮಕದವರನ್ನು ಮೊದಲೇ ಕೇಳಿ. ಅದರಲ್ಲಿದ್ದ ಪಿಎಫ್‌ಒಎಸ್ ಎಂಬ ಫ್ಲೋರಿನ್ ರಾಸಾಯನಿಕ, ಬಹುಕಾಲ ಉಳಿಯುವ ವಿಷಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯನ್ನು 2009ರಲ್ಲೇ ಸೇರಿದೆ, ಮಣ್ಣಿನಲ್ಲಿ ಅದು ಕೊಳೆಯುವುದೇ ಇಲ್ಲ. ಫ್ಲೋರಿನ್ ಇಲ್ಲದ ನೊರೆಯೂ ಕೆರೆಗೆ ಇಳಿದರೆ ನೀರಿನ ಆಮ್ಲಜನಕ ಕುಗ್ಗಿಸುತ್ತದೆ, ಹಾಗಾಗಿ ಚರಂಡಿ ಮುಚ್ಚಿದ ಮೇಲೆಯೇ ಹೊಡೆಯುವಂತೆ ಕ್ರಮ ಬರೆಯಿರಿ. ಬೆಂಕಿ ಹತ್ತಿಯೇಬಿಟ್ಟಿದ್ದರೆ ಅದಕ್ಕೂ ಕಾಯುವಂತಿಲ್ಲ.