ಸಹಾಯ ಬೇಕು: ಬಿಇ ಮೊದಲ ಸೆಮ್, ಕ್ಲಾಸ್ ತಲೆಗೆ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯವನು. ಈಗ ಬೆಂಗಳೂರಿನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜೊಂದರಲ್ಲಿ ಮೊದಲ ಸೆಮ್, ಫಿಸಿಕ್ಸ್ ಸೈಕಲ್ (ಮೊದಲ ವರ್ಷದ ವಿಷಯಗಳಲ್ಲಿ ಫಿಸಿಕ್ಸ್ ಇರುವ ಗುಂಪು).

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷ್ ಆದರೂ ಸರ್ ಕನ್ನಡದಲ್ಲೇ ಹೇಳುತ್ತಿದ್ದರು. ಇಲ್ಲಿ ಹಾಗಿಲ್ಲ. ಬೋರ್ಡ್ ತುಂಬಾ ಬರೆದು, 'ಇದೆಲ್ಲ ನಿಮಗೆ ಗೊತ್ತೇ ಇದೆ' ಎಂದು ಅಳಿಸಿಬಿಡುತ್ತಾರೆ. ಕೈ ಎತ್ತೋಣ ಅನ್ನಿಸುತ್ತದೆ, ಆದರೆ ಇಂಗ್ಲಿಷ್ ವಾಕ್ಯ ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ನನ್ನ ನೋಟ್ಸಿನ ಅಂಚಿನಲ್ಲಿ 'ಪಾರ್ಷಿಯಲ್ ಡೆರಿವೇಟಿವ್' ಅಂತ ಕನ್ನಡದಲ್ಲಿ ಬರೆದದ್ದನ್ನು ಪಕ್ಕದವನು ನೋಡಿ ನಕ್ಕ. ಅಂದಿನಿಂದ ಕೊನೇ ಬೆಂಚು.

ಮೊದಲ ಇಂಟರ್ನಲ್‌ನಲ್ಲಿ (ಕಾಲೇಜೇ ನಡೆಸುವ ಟೆಸ್ಟ್) ಮ್ಯಾಥ್ಸ್‌ಗೆ 25ಕ್ಕೆ 7. ಸಿಐಇನಲ್ಲಿ (ಸೆಮ್ ಪೂರ್ತಿ ಕಾಲೇಜಿನಲ್ಲೇ ಕೊಡುವ ಮಾರ್ಕ್ಸ್) 50ಕ್ಕೆ 20 ಆಗದಿದ್ದರೆ ಸೆಮ್ ಪರೀಕ್ಷೆಗೇ ಕೂರಿಸಲ್ಲ, ಅದೇ ಭಯ. ಅಟೆಂಡೆನ್ಸ್ ಬೇರೆ 85 ಪರ್ಸೆಂಟ್ ಬೇಕು, ಹಾಗಾಗಿ ಊರಿಗೂ ಹೋಗಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಡಬ್ಬಿ ತಳ ಕಂಡಿದೆ. (ಹಾಸ್ಟೆಲ್ ಸಾಂಬಾರಿನ ಸಿಹಿ ಬಗ್ಗೆ ಇನ್ನೊಮ್ಮೆ ಹೇಳುತ್ತೇನೆ.) ಫೋನಿನಲ್ಲಿ ಅಪ್ಪನಿಗೆ 'ಚಲೋ ನಡೆದೈತಿ' ಅಂತಲೇ ಹೇಳುತ್ತಿದ್ದೇನೆ.

ಹೀಗೇ ಬಂದು ದಾಟಿದ ಅಣ್ಣ-ಅಕ್ಕಂದಿರು ಇದ್ದರೆ ಹೇಳಿ. ಮ್ಯಾಥ್ಸ್ ಬುಡದಿಂದ ಶುರು ಮಾಡಲು ಪಿಯುಸಿಯ ಯಾವ ಪಾಠಗಳನ್ನು ಮತ್ತೆ ನೋಡಬೇಕು? ಕನ್ನಡದಲ್ಲಿ ವಿವರಿಸುವ ವಿಡಿಯೋ ಗೊತ್ತಾ? ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲಿ ಡೌಟ್ ಕೇಳಿದರೆ ತಪ್ಪು ತಿಳಿಯುತ್ತಾರಾ? ಎರಡನೇ ಇಂಟರ್ನಲ್‌ಗೆ ಇನ್ನು ಮೂರು ವಾರ ಇದೆ. ಸುಮ್ನೆ 'ಧೈರ್ಯವಾಗಿರು' ಅನ್ನಬೇಡಿ, ನೀವು ಏನು ಮಾಡಿದಿರಿ ಅದನ್ನು ಬರೆಯಿರಿ.