ಪ್ರಶ್ನೋತ್ತರ: ಬ್ಯಾಂಕಿನ ಸೈಬರ್ ಭದ್ರತಾ ವ್ಯವಸ್ಥಾಪಕರು ದಿನವಿಡೀ ಮಾಡುವುದೇನು?

ಪ್ರಶ್ನೆ (ಸಿಂಧನೂರಿನಿಂದ): ನಮಸ್ಕಾರ ಮೇಡಂ. ರಾಯಚೂರಿನಲ್ಲಿ ಬಿ.ಇ. ಮುಗಿಸಿ, ನಾಲ್ಕು ವರ್ಷಗಳಿಂದ ಸಹಕಾರಿ ಬ್ಯಾಂಕೊಂದರ ಸರ್ವರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಮುಂದೆ ಸೈಬರ್ ಭದ್ರತಾ ವ್ಯವಸ್ಥಾಪಕನಾಗುವ ಆಸೆಯಿದೆ. ಇದಕ್ಕೆ ಹ್ಯಾಕಿಂಗ್ ಕೋರ್ಸ್ ಮಾಡಲೇಬೇಕೇ? ನಿಮ್ಮ ದಿನ ಹೇಗಿರುತ್ತದೆ?

ಉತ್ತರ (ಬಳ್ಳಾರಿಯಿಂದ): ಹ್ಯಾಕಿಂಗ್ ಕಲಿತರೆ ನಷ್ಟವೇನಿಲ್ಲ. ಆದರೆ ನನ್ನ ದಿನದ ಬಹುಪಾಲು, ಯಾರಿಗೆ ಯಾವ ಅನುಮತಿ ಕೊಟ್ಟಿದ್ದೇವೆ, ಅದು ಇಂದಿಗೂ ಅವರಿಗೆ ಬೇಕೇ ಎಂದು ವಿಚಾರಿಸುವುದರಲ್ಲೇ ಕಳೆಯುತ್ತದೆ.

ನಾನು ಹಿಂದೆ ಇದ್ದ ಸಂಸ್ಥೆಯ ಶಾಖೆಯೊಂದು ಗಂಗಾವತಿ ಭಾಗದಲ್ಲಿತ್ತು. ಭತ್ತದ ಸುಗ್ಗಿಯಲ್ಲಿ ಅಕ್ಕಿ ಗಿರಣಿಗಳು ಕಳುಹಿಸುವ ಆರ್‌ಟಿಜಿಎಸ್ ಮತ್ತು ನೆಫ್ಟ್ ಪಾವತಿಗಳು ಒಂದರ ಮೇಲೊಂದು ಬರುತ್ತಿದ್ದವು. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕು. ಮೇಕರ್, ಚೆಕರ್ ಎನ್ನುವುದು ಇದನ್ನೇ. ಅನುಮೋದಿಸಬೇಕಾದ ಅಧಿಕಾರಿ ಊರ ಜಾತ್ರೆಗೆ ರಜೆ ಹಾಕಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗುಮಾಸ್ತರ ಕೈಗಿತ್ತು ಹೋಗಿದ್ದರು. ಹಣ ಹೋಗಲಿಲ್ಲ, ಅದು ನಮ್ಮ ಪುಣ್ಯ. ರಜೆಯ ವಹಿಯನ್ನು ಲಾಗ್ (ಯಾರ ಐಡಿಯಿಂದ ಯಾವಾಗ ಏನು ನಡೆಯಿತೆಂದು ಕಂಪ್ಯೂಟರ್ ಬರೆದಿಡುವ ದಾಖಲೆ) ಜೊತೆ ತಾಳೆ ನೋಡಿದಾಗಲೇ ವಿಷಯ ಹೊರಬಿತ್ತು. ಇಂಥದ್ದನ್ನು ಹೊರಗಿನವರನ್ನು ತಡೆಯುವ ಯಾವ ಫೈರ್‌ವಾಲ್ ಹಿಡಿದೀತು? ಅವರ ಮೇಲೆ ಸಿಟ್ಟಾಗುವ ಮೊದಲು ಬದಲಿ ಅಧಿಕಾರಿಗೆ ಅನುಮತಿ ದೊರೆಯಲು ನಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿದೆ: ನಾಲ್ಕು ದಿನ! ಅದನ್ನು ಒಂದು ಗಂಟೆಗೆ ಇಳಿಸಿದ ಮೇಲೆ ಚೀಟಿಗಳು ತಾವಾಗಿಯೇ ನಿಂತವು.

ಹಾಗೆಂದು ಹೊರಗಿನ ದಾಳಿಯನ್ನು ಹಗುರವಾಗಿ ಕಾಣಬೇಡಿ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು; ಅದೂ ನಿಮ್ಮಂತೆಯೇ ಸಹಕಾರಿ ಬ್ಯಾಂಕು. ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರ ಸೈಬರ್ ಭದ್ರತಾ ಸುತ್ತೋಲೆಯಲ್ಲಿ ನಗರ ಸಹಕಾರಿ ಬ್ಯಾಂಕುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ನಿಮ್ಮದು ಆ ಸಾಲಿನದಾದರೆ, ಯಾವ ಹಂತದ್ದೆಂದು ಮೊದಲು ತಿಳಿದುಕೊಳ್ಳಿ. ಸಿಐಎಸ್‌ಎಸ್‌ಪಿ ಎಂಬ ಮಾಹಿತಿ ಭದ್ರತಾ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅನುಭವ ಬೇಕು. ಪರೀಕ್ಷೆಯನ್ನು ಮೊದಲೇ ಬರೆಯಬಹುದು.

ಪ್ರಶ್ನೆ: ಐಟಿ ಮುಖ್ಯಸ್ಥರೇ ಭದ್ರತೆಯನ್ನೂ ನೋಡಿಕೊಳ್ಳಲಿ ಎನ್ನುತ್ತಾರೆ ನಮ್ಮಲ್ಲಿ. ಇನ್ನೊಂದು, ದಾಳಿ ನಡೆದೇಬಿಟ್ಟರೆ ಮೊದಲು ಏನು ಮಾಡಬೇಕು?

ಉತ್ತರ: ತಾನು ಕಟ್ಟಿದ ಗೋಡೆಯ ಬಿರುಕನ್ನು ತಾನೇ ಬರೆದುಕೊಡುವವರು ವಿರಳ. ವಾಣಿಜ್ಯ ಬ್ಯಾಂಕುಗಳ ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯು ಐಟಿ ಮುಖ್ಯಸ್ಥರ ಕೈಕೆಳಗೆ ಇರಕೂಡದು, ಆ ಭದ್ರತಾ ಅಧಿಕಾರಿಗೆ ವ್ಯವಹಾರದ ಗುರಿಗಳನ್ನು ಕೊಡಕೂಡದು ಎಂದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿರ್ದೇಶನ ಹೇಳುತ್ತದೆ. ಚಿಕ್ಕ ಬ್ಯಾಂಕಿಗೂ ಅದು ಒಳ್ಳೆಯ ಮಾದರಿ.

ದಾಳಿ ಕಂಡಾಗ ಗಾಬರಿಯಿಂದ ಕಂಪ್ಯೂಟರ್ ಆರಿಸಬೇಡಿ, ಮೆಮೊರಿಯಲ್ಲಿನ ಸಾಕ್ಷ್ಯ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಸಂಪರ್ಕವನ್ನಷ್ಟೇ ಕಡಿಯಿರಿ. ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಹೋಗಬೇಕು, 180 ದಿನಗಳ ಲಾಗ್ ಕೈಯಲ್ಲಿರಬೇಕು. ಇವೆರಡೂ ಆ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಲ್ಲಿವೆ. ಹಣ ಕಳೆದುಕೊಂಡ ಗ್ರಾಹಕರು ಶಾಖೆಗೆ ಬಂದರೆ ಅರ್ಜಿ ಬರೆಸುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ನೀವು ಹೇಳಿದಂತೆ ಯಾರಿಗೆ ಯಾವ ಅನುಮತಿಯಿದೆ ಎಂದು ತಾಳೆ ನೋಡಿದೆ, ಮೇಡಂ. ವರ್ಗವಾಗಿ ಹೋದ ಇಬ್ಬರ ಲಾಗಿನ್ ಐಡಿಗಳು ಇನ್ನೂ ಜೀವಂತವಾಗಿವೆ. ಅಳಿಸಿಬಿಡಲೇ?

ಉತ್ತರ: ಅಳಿಸಬೇಡಿ, ನಿಷ್ಕ್ರಿಯಗೊಳಿಸಿ, ಅಳಿಸಿದರೆ ಹಳೆಯ ವಹಿವಾಟುಗಳ ಜಾಡು ಹಿಡಿಯುವುದು ಕಷ್ಟವಾಗುತ್ತದೆ. ಅವರು ಹೋದ ದಿನದಿಂದ ಈವರೆಗೆ ಆ ಐಡಿಗಳಿಂದ ಲಾಗಿನ್ ಆಗಿದೆಯೇ ಎಂದು ನೋಡಿ, ಏನೂ ಸಿಗದಿದ್ದರೂ ಲಿಖಿತ ವರದಿ ಕೊಡಿ.